ಹಳೆಯ ಕಾರಿಗೆ ಹೊಸ ಪಾದರಕ್ಷೆ

ಹಳೆಯ ವಸ್ತುಗಳ ಮೇಲೆ ಮನುಷ್ಯನಿಗಿರುವ ಮೋಹ ವಿಚಿತ್ರವಾದುದು. ಅಜ್ಜನ ಕಾಲದ ತೂಗುಗಡಿಯಾರ, ಮುತ್ತಜ್ಜಿಯ ಹಿತ್ತಾಳೆಯ ಹರಿವಾಣ, ತಂದೆ ಕೊಂಡುತಂದ ಗ್ರಾಮಫೋನು—ಇವು ಹಳತಾದಷ್ಟೂ ಬೆಲೆ ಏರುತ್ತದೆ, ಅಕ್ಕರೆಯೂ ಹೆಚ್ಚುತ್ತದೆ. ಅವುಗಳ ಒಂದು ತಿರುಪು ಬದಲಾದರೂ ಮನಸ್ಸಿಗೆ ಏನೋ ಕಳೆದುಕೊಂಡಂತೆ. ಈ ಮೋಹ ಮೋಟಾರು ಕಾರಿನವರೆಗೂ ಹಬ್ಬಿರುವುದು ಸಹಜವೇ. ಆದರೆ ಒಂದು ಭೇದವುಂಟು. ಹಳೆಯ ಗಡಿಯಾರ ಕೆಟ್ಟರೆ ಹೊತ್ತು ತಪ್ಪೀತು, ಅಷ್ಟೆ. ಹಳೆಯ ಕಾರು ಗಂಟೆಗೆ ಅರುವತ್ತು ಮೈಲಿ ವೇಗದಲ್ಲಿರುವಾಗ ಕೆಟ್ಟರೆ ತಪ್ಪುವುದು ಹೊತ್ತಲ್ಲ.

ಹಳೆಯ ಸ್ಪೋರ್ಟ್ಸ್ ಕಾರನ್ನು ಪ್ರೀತಿಯಿಂದ ಸಾಕುವವರು ಅದರ ಬಣ್ಣ, ಚರ್ಮದ ಆಸನ, ಮರದ ಚುಕ್ಕಾಣಿ ಇವನ್ನೆಲ್ಲ ಮೂಲದಲ್ಲಿದ್ದಂತೆಯೇ ಉಳಿಸಲು ಹೆಣಗುತ್ತಾರೆ. ಅದು ಸರಿ. ಆದರೆ ಟಯರಿನ ವಿಷಯಕ್ಕೆ ಬಂದಾಗ ಎರಡು ಬಗೆಯ ಅಚಾತುರ್ಯ ನಡೆಯುತ್ತದೆ. ಕೆಲವರು ಮೂಲ ಅಳತೆಯನ್ನು ಕೈಬಿಟ್ಟು ಇಂದಿನ ಅಗಲವಾದ ಟಯರನ್ನು ತೊಡಿಸುತ್ತಾರೆ. ಇನ್ನು ಕೆಲವರು, ಕೆತ್ತನೆ ಸವೆದಿಲ್ಲವೆಂಬ ಒಂದೇ ಕಾರಣಕ್ಕೆ, ಇಪ್ಪತ್ತು ವರ್ಷದ ಟಯರಿನಲ್ಲೇ ಪಯಣ ಮುಂದುವರಿಸುತ್ತಾರೆ. ಹಳೆಯ ಕಾರಿನ ಟಯರು ರೂಪದಲ್ಲಿ ಹಳೆಯದಿರಬೇಕು, ವಯಸ್ಸಿನಲ್ಲಿ ಹೊಸದಿರಬೇಕು. ಈ ವಾರದ ಬರಹವೆಲ್ಲ ಈ ಒಂದು ಮಾತಿನ ವಿವರಣೆ.

ಆಬಿಂಗ್ಡನ್ನಿನ ಕೂಸು

ಮಾತು ಗಾಳಿಯಲ್ಲಿ ತೇಲದಂತೆ ಒಂದು ಕಾರನ್ನೇ ಮುಂದಿಟ್ಟುಕೊಳ್ಳೋಣ. ಇಂಗ್ಲೆಂಡಿನ ಆಕ್ಸ್‌ಫರ್ಡಿಗೆ ಸಮೀಪದ ಆಬಿಂಗ್ಡನ್ ಊರಿನಲ್ಲಿ ತಯಾರಾದ ಎಂ.ಜಿ.ಬಿ. ಎಂಬ ಪುಟ್ಟ ಸ್ಪೋರ್ಟ್ಸ್ ಕಾರು ನಮ್ಮ ಉದಾಹರಣೆ. 1962ರಲ್ಲಿ ಹೊರಬಂದ ಈ ಕಾರು 1980ರವರೆಗೆ ತಯಾರಾಯಿತು. ಅದರ ಎಲ್ಲ ರೂಪಗಳನ್ನೂ ಲೆಕ್ಕ ಹಾಕಿದರೆ ಸಂಖ್ಯೆ ಐದು ಲಕ್ಷವನ್ನು ಮೀರುತ್ತದೆ. ಸಿರಿವಂತರ ಆಟಿಕೆಯಲ್ಲ, ಮಧ್ಯಮವರ್ಗದ ತರುಣ ತನ್ನ ಸಂಬಳದಲ್ಲಿ ಕೂಡಿಟ್ಟು ಕೊಳ್ಳಬಹುದಾಗಿದ್ದ ಕಾರು. ಆದುದರಿಂದಲೇ ಇಂದೂ ಸಾವಿರಾರು ಎಂ.ಜಿ.ಬಿ.ಗಳು ಬದುಕಿವೆ.

ನಮ್ಮವರಿಗೂ ಈ ಕಾರು ತೀರ ಪರಕೀಯವಲ್ಲ. ನಮ್ಮ ರಸ್ತೆಗಳಲ್ಲಿ ದಶಕಗಳ ಕಾಲ ಓಡಿದ ಅಂಬಾಸಿಡರ್ ಕಾರಿನ 1489 ಸಿ.ಸಿ. ಪೆಟ್ರೋಲ್ ಎಂಜಿನ್ನೂ ಎಂ.ಜಿ.ಬಿ.ಯ 1798 ಸಿ.ಸಿ. ಎಂಜಿನ್ನೂ ಒಂದೇ ಮನೆತನದವು. ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ 'ಬಿ' ಶ್ರೇಣಿ ಎಂಬುದು ಆ ಮನೆತನದ ಹೆಸರು. ಅಣ್ಣ ಸಂಸಾರಸ್ಥನಾಗಿ ಊರಿನಲ್ಲಿ ನಿಂತ, ತಮ್ಮ ಓಟಗಾರನಾದ ಎನ್ನಬಹುದು.

ಎಂ.ಜಿ.ಬಿ.ಯ ತೂಕ 900 ಕಿಲೋಗ್ರಾಂಗೆ ತುಸು ಮಿಕ್ಕು. ಗರಿಷ್ಠ ವೇಗ ಗಂಟೆಗೆ ನೂರು ಮೈಲಿಯ ಆಸುಪಾಸು. ಚುಕ್ಕಾಣಿಗೆ ಯಂತ್ರದ ನೆರವಿಲ್ಲ. ತಿರುಗಿಸುವ ಕೈಯೇ ಅದಕ್ಕೆ ಬಲ. ಇಷ್ಟು ಭಾರ, ಇಷ್ಟು ವೇಗವನ್ನು ನೆಲಕ್ಕೆ ಅಂಟಿಸಿ ಹಿಡಿದಿರುವುದು ಏನು? ನಾಲ್ಕು ಟಯರುಗಳ ಕೆಳಗೆ, ಒಂದೊಂದರ ಪಾಲಿಗೆ ಚಾಚಿದ ಅಂಗೈಯಷ್ಟು ರಬ್ಬರು. ನಾಲ್ಕು ಅಂಗೈಗಳು, ಅಷ್ಟೆ. ಬ್ರೇಕು ಎಷ್ಟೇ ಬಲವಾಗಿರಲಿ, ಚಾಲಕ ಎಷ್ಟೇ ನಿಪುಣನಾಗಿರಲಿ, ಇವರೆಲ್ಲರ ಕೆಲಸವೂ ಆ ನಾಲ್ಕು ಅಂಗೈಗಳ ಮೂಲಕವೇ ನಡೆಯಬೇಕು.

ನೇಯ್ಗೆಯಲ್ಲಿ ಎರಡು ಜಾತಿ

ಟಯರೆಂದರೆ ಬರಿಯ ರಬ್ಬರಲ್ಲ. ಒಳಗೆ ನೂಲಿನ ಎಳೆಗಳ ಪದರಗಳಿರುತ್ತವೆ. ಗಾಳಿಯ ಒತ್ತಡವನ್ನು ತಡೆದು ನಿಲ್ಲುವುವು ಅವೇ. ಈ ಎಳೆಗಳನ್ನು ಹಾಸುವ ರೀತಿಯಿಂದ ಎರಡು ಜಾತಿಗಳಾಗಿವೆ.

ಮೊದಲನೆಯದು ಕ್ರಾಸ್‌ಪ್ಲೈ. ಇದರಲ್ಲಿ ಎಳೆಗಳು ಓರೆಯಾಗಿ, ಒಂದು ಪದರ ಎಡಕ್ಕೆ ಮತ್ತೊಂದು ಬಲಕ್ಕೆ, ಕತ್ತರಿಯಾಕಾರದಲ್ಲಿ ಹಾಯ್ದಿರುತ್ತವೆ. ಎರಡನೆಯದು ರೇಡಿಯಲ್. ಇದರಲ್ಲಿ ಎಳೆಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿ ಅಡ್ಡಹಾಯುತ್ತವೆ. ಅವುಗಳ ಮೇಲೆ, ಹೊರಮೈಯ ಕೆಳಗೆ, ಒಂದು ಗಟ್ಟಿಯಾದ ಪಟ್ಟಿ ಸುತ್ತಿರುತ್ತದೆ. ಫ್ರಾನ್ಸಿನ ಮಿಶೆಲಿನ್ ಕಂಪನಿ 1946ರಲ್ಲಿ ಇದಕ್ಕೆ ಹಕ್ಕುಪತ್ರ ಪಡೆದು 1949ರಲ್ಲಿ 'ಎಕ್ಸ್' ಎಂಬ ಹೆಸರಿನಿಂದ ಮಾರುಕಟ್ಟೆಗೆ ತಂದಿತು.

ಭೇದವನ್ನು ತಿಳಿಯಲು ಕಾರ್ಖಾನೆಗೆ ಹೋಗಬೇಕಿಲ್ಲ. ಮನೆಯಲ್ಲಿರುವ ಒಂದು ಕರವಸ್ತ್ರವನ್ನು ನೂಲಿನ ನೇರಕ್ಕೆ ಹಿಡಿದು ಎಳೆಯಿರಿ, ಅದು ಜಗ್ಗುವುದಿಲ್ಲ. ಮೂಲೆಯಿಂದ ಮೂಲೆಗೆ ಎಳೆಯಿರಿ, ಹಿಗ್ಗಿ ಸೊಟ್ಟಗಾಗುತ್ತದೆ. ಹೊಲಿಗೆ ಬಲ್ಲ ಗೃಹಿಣಿಯರಿಗೆ ಓರೆಯಾಗಿ ಕತ್ತರಿಸಿದ ಬಟ್ಟೆಯ ಈ ಗುಣ ಚೆನ್ನಾಗಿ ಗೊತ್ತು. ಕ್ರಾಸ್‌ಪ್ಲೈ ಟಯರು ಆ ಓರೆ ಬಟ್ಟೆಯಂತೆ. ತಿರುವಿನಲ್ಲಿ ಇಡಿಯ ಟಯರೇ ಮಾಲುತ್ತದೆ, ಅಂಗೈಯ ಅಂಚು ನೆಲ ಬಿಡುತ್ತದೆ. ರೇಡಿಯಲ್ಲಿನ ಪಕ್ಕದ ಗೋಡೆ ಬಾಗಿದರೂ ಅಂಗೈ ನೆಲಕ್ಕೆ ಚಪ್ಪಟೆಯಾಗಿ ಒತ್ತಿ ನಿಲ್ಲುತ್ತದೆ. ಹಿಡಿತ ಹೆಚ್ಚು, ಬಿಸಿ ಕಡಿಮೆ, ಬಾಳಿಕೆಯೂ ಹೆಚ್ಚು.

ಹಾಗಾದರೆ ಎಲ್ಲರೂ ರೇಡಿಯಲ್ಲನ್ನೇ ಹಾಕಬೇಕೆ? ಇಲ್ಲಿ ವಿವೇಕ ಬೇಕು. ಎರಡನೆಯ ಮಹಾಯುದ್ಧದ ಮುಂಚಿನ ಹಾಗೂ 1950ರ ದಶಕದ ಅನೇಕ ಕಾರುಗಳ ಸ್ಪ್ರಿಂಗು, ಚುಕ್ಕಾಣಿಗಳ ಲೆಕ್ಕಾಚಾರವೆಲ್ಲ ಕ್ರಾಸ್‌ಪ್ಲೈಯನ್ನು ನೆನೆದು ಮಾಡಿದುದು. ಆ ಟಯರು ಮೆಲ್ಲನೆ ಜಾರತೊಡಗಿ ಚಾಲಕನಿಗೆ ಮುಂಚಿತವಾಗಿ ಎಚ್ಚರಿಕೆ ಕೊಡುತ್ತದೆ. ರೇಡಿಯಲ್ ಹೆಚ್ಚು ಹೊತ್ತು ಹಿಡಿದು, ಬಿಡುವಾಗ ಥಟ್ಟನೆ ಬಿಡುತ್ತದೆ. ಎಂ.ಜಿ.ಬಿ. ಹುಟ್ಟಿದುದು ಎರಡು ಯುಗಗಳ ಹೊಸ್ತಿಲಿನಲ್ಲಿ. 1962ರ ತೆರೆದ ಕಾರಿಗೆ 5.60–14 ಅಳತೆಯ ಕ್ರಾಸ್‌ಪ್ಲೈ ಇತ್ತು. ಕೆಲವೇ ವರ್ಷಗಳಲ್ಲಿ ಕಾರ್ಖಾನೆಯೇ ರೇಡಿಯಲ್ಲಿಗೆ ಹೊರಳಿತು. ಆದುದರಿಂದ ಇದಕ್ಕೆ 165 ಆರ್ 14 ಅಳತೆಯ ರೇಡಿಯಲ್ ಹಾಕಿದರೆ ಮೂಲಕ್ಕೆ ಅಪಚಾರವೆಸಗಿದಂತಾಗದು.

ಒಂದು ಮಾತನ್ನು ಮಾತ್ರ ಗಂಟುಹಾಕಿ ಇಟ್ಟುಕೊಳ್ಳಬೇಕು. ಎರಡು ಜಾತಿಗಳನ್ನು ಬೆರೆಸಬಾರದು. ಒಂದೇ ಅಚ್ಚಿನ ಎರಡು ತುದಿಗಳಲ್ಲಂತೂ ಸರ್ವಥಾ ಕೂಡದು. ಮುಂದೆ ರೇಡಿಯಲ್, ಹಿಂದೆ ಕ್ರಾಸ್‌ಪ್ಲೈ ಎಂಬ ಜೋಡಣೆ ಎಲ್ಲಕ್ಕಿಂತ ಅಪಾಯದ್ದು. ತಿರುವಿನಲ್ಲಿ ಮುಂಗಾಲಿ ಬಿಗಿಯಾಗಿ ಹಿಡಿಯುತ್ತದೆ, ಹಿಂಗಾಲಿ ಮೊದಲು ಜಾರುತ್ತದೆ. ಕಾರು ಬುಗುರಿಯಂತೆ ಸುತ್ತುತ್ತದೆ. ಬ್ರಿಟನ್ನಿನ ಕಾನೂನೇ ಈ ಜೋಡಣೆಯನ್ನು ನಿಷೇಧಿಸಿದೆ.

ಅಗಲದ ಆಸೆ

ಇಂದಿನ ಕಾರುಗಳ ದಪ್ಪ ಟಯರನ್ನು ಕಂಡವರಿಗೆ 165 ಮಿಲಿಮೀಟರಿನ ಟಯರು ಬಡಕಲಾಗಿ ತೋರುತ್ತದೆ. 'ಅಗಲ ಹೆಚ್ಚಿದರೆ ಹಿಡಿತ ಹೆಚ್ಚಲಾರದೆ?' ಎಂದು ಕೇಳುವವರಿದ್ದಾರೆ. ಸ್ವಲ್ಪ ಲೆಕ್ಕ ಹಾಕಿ ನೋಡೋಣ.

ಹದಿನಾಲ್ಕು ಅಂಗುಲದ ಗಾಲಿಗೆ 165 ಆರ್ 14 ಟಯರು ತೊಡಿಸಿದರೆ ಒಟ್ಟು ಎತ್ತರ ಸುಮಾರು 620 ಮಿಲಿಮೀಟರು. 185/70 ಆರ್ 14 ಟಯರಿನ ಎತ್ತರ ಸುಮಾರು 615, ಭೇದ ಅತ್ಯಲ್ಪ. ಆದರೆ 195/60 ಆರ್ 14 ಟಯರಿನ ಎತ್ತರ ಸುಮಾರು 590 ಮಾತ್ರ. ಮೂವತ್ತು ಮಿಲಿಮೀಟರು ಕಡಿಮೆ, ಎಂದರೆ ನೂರಕ್ಕೆ ಐದರಷ್ಟು. ಗಾಲಿ ಚಿಕ್ಕದಾದಷ್ಟೂ ಅದೇ ದೂರಕ್ಕೆ ಹೆಚ್ಚು ಸುತ್ತು ಸುತ್ತಬೇಕು. ವೇಗಮಾಪಕ ನೂರು ತೋರಿಸುವಾಗ ಕಾರು ಓಡುತ್ತಿರುವುದು ತೊಂಬತ್ತೈದರಲ್ಲಿ. ಎಂಜಿನ್ ಅಷ್ಟರಮಟ್ಟಿಗೆ ಹೆಚ್ಚು ದುಡಿಯುತ್ತದೆ, ಕಾರಿನ ಹೊಟ್ಟೆ ನೆಲಕ್ಕೆ ಹದಿನೈದು ಮಿಲಿಮೀಟರು ಹತ್ತಿರವಾಗುತ್ತದೆ.

ಇಷ್ಟಕ್ಕೇ ಮುಗಿಯಲಿಲ್ಲ. ಆ ಕಾಲದ ರಿಮ್ಮಿನ ಅಗಲ ನಾಲ್ಕರಿಂದ ಐದು ಅಂಗುಲ. ಅದಕ್ಕೆ ತೀರ ಅಗಲವಾದ ಟಯರನ್ನು ತುರುಕಿದರೆ ಅಂಚುಗಳು ಒಳಕ್ಕೆ ಒತ್ತಿಹೋಗಿ ಹೊರಮೈ ಉಬ್ಬುತ್ತದೆ; ಅಗಲಕ್ಕೆ ಕೊಟ್ಟ ಹಣವೂ ನೆಲ ಮುಟ್ಟುವುದಿಲ್ಲ. ಚುಕ್ಕಾಣಿ ಭಾರವಾಗುತ್ತದೆ. ಹಿಂದಿನ ಗಾಲಿ ಮಡ್‌ಗಾರ್ಡಿನ ಅಂಚಿಗೆ ಉಜ್ಜುವುದೂ ಉಂಟು. ತಂತಿಯ ಕಡ್ಡಿಗಳ ಗಾಲಿಯಾದರೆ, ಹೆಚ್ಚಿನ ಹಿಡಿತದ ಎಳೆತವೆಲ್ಲ ಆ ಸಣ್ಣ ಕಡ್ಡಿಗಳ ಮೇಲೆ ಬಿದ್ದು ಒಂದೊಂದಾಗಿ ಸಡಿಲುತ್ತವೆ. ಕಾರು ಒಂದು ಕುಟುಂಬದಂತೆ. ಒಬ್ಬರ ಬಲ ಹೆಚ್ಚಿದರೆ ಉಳಿದವರು ಅದನ್ನು ತಾಳಬೇಕಲ್ಲವೆ?

ಅಳತೆಯ ಜತೆಗೆ ಎರಡು ಗುರುತುಗಳನ್ನು ನೋಡಬೇಕು. ಟಯರಿನ ಪಕ್ಕದಲ್ಲಿ '84 ಎಸ್' ಎಂಬಂತಹ ಬರಹವಿರುತ್ತದೆ. 84 ಎಂದರೆ ಆ ಒಂದು ಟಯರು 500 ಕಿಲೋಗ್ರಾಂ ಹೊರಬಲ್ಲುದು ಎಂದರ್ಥ. 'ಎಸ್' ಎಂದರೆ ಗಂಟೆಗೆ 180 ಕಿಲೋಮೀಟರು ವೇಗ ತಾಳಬಲ್ಲುದು. 'ಎಚ್' ಆದರೆ 210, 'ವಿ' ಆದರೆ 240. ಎಂ.ಜಿ.ಬಿ.ಗೆ 'ಎಸ್' ಸಾಕು. ಅದೇ ಕಾಲದ ಜಾಗ್ವಾರ್ ಇ–ಟೈಪಿನಂತಹ ಹೆಚ್ಚು ವೇಗದ ಕಾರಿಗೆ ಸಾಲದು. ಹಳೆಯ ಅಳತೆಯ ಟಯರುಗಳು ಈಗೆಲ್ಲಿ ಸಿಕ್ಕಾವು ಎಂಬ ಚಿಂತೆ ಬೇಡ. ಪಿರೆಲ್ಲಿ, ಮಿಶೆಲಿನ್ ಮೊದಲಾದ ಕಂಪನಿಗಳು ಹಿಂದಿನ ಅಳತೆ, ಹಿಂದಿನ ಕೆತ್ತನೆಗಳಲ್ಲೇ ಹೊಸ ಟಯರುಗಳನ್ನು ತಯಾರಿಸುತ್ತಿವೆ. ಬೆಲೆ ಹೆಚ್ಚು, ನಿಜ. ಆದರೆ ಬಣ್ಣಕ್ಕೆ ಸುರಿಯುವ ಹಣಕ್ಕೆ ಹೋಲಿಸಿದರೆ ಹೆಚ್ಚಲ್ಲ.

ಮೇಲೆ ಥಳಕು, ಒಳಗೆ ಹುಳುಕು

ಈಗ ಮುಖ್ಯವಾದ ಮಾತಿಗೆ ಬರೋಣ. ನಿತ್ಯ ಓಡುವ ಕಾರಿನ ಟಯರು ಸವೆದು ಸಾಯುತ್ತದೆ. ಅದು ಕಣ್ಣಿಗೆ ಕಾಣುವ ಸಾವು. ಭಾನುವಾರದಂದು ಮಾತ್ರ ಹೊರಬರುವ ಹಳೆಯ ಕಾರಿನ ಟಯರು ಸವೆಯುವುದೇ ಇಲ್ಲ. ಅದು ಮುಪ್ಪಿನಿಂದ ಸಾಯುತ್ತದೆ. ಗಾಳಿಯಲ್ಲಿನ ಆಮ್ಲಜನಕ, ಓಝೋನ್, ಬಿಸಿಲು ಇವು ರಬ್ಬರನ್ನು ನಿಧಾನವಾಗಿ ಗಡಸುಗೊಳಿಸುತ್ತವೆ. ಇದನ್ನು ತಡೆಯಲೆಂದೇ ತಯಾರಕರು ರಬ್ಬರಿನಲ್ಲಿ ಒಂದು ಬಗೆಯ ಮೇಣವನ್ನು ಬೆರೆಸಿರುತ್ತಾರೆ. ಗಾಲಿ ಉರುಳುತ್ತ ಟಯರು ಮಿಸುಕುತ್ತಿದ್ದರೆ ಆ ಮೇಣ ಒಳಗಿನಿಂದ ಮೈಮೇಲೆ ಬಂದು ಕಾಪಾಡುತ್ತದೆ. ಕಾರು ನಿಂತೇ ಇದ್ದರೆ ಆ ಕೆಲಸ ಸರಿಯಾಗಿ ನಡೆಯದು. ಹೆಚ್ಚು ಜೋಪಾನ ಮಾಡಿದ ಟಯರೇ ಬೇಗ ಮುದಿಯಾಗಬಹುದೆಂಬುದು ಇದರ ವಿಪರ್ಯಾಸ.

ಅಂತಹ ಟಯರು ನೋಡಲು ಕಪ್ಪಗೆ ಮಿರುಗುತ್ತಿರುತ್ತದೆ. ಕೆತ್ತನೆ ಆಳವಾಗಿರುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲವಷ್ಟೆ? ಒದ್ದೆ ರಸ್ತೆಯಲ್ಲಿ ಬ್ರೇಕು ಒತ್ತಿದಾಗ ಆ ಗಡಸು ರಬ್ಬರು ಹಿಡಿಯುವುದಿಲ್ಲ. ಒಳಗಿನ ಪದರಗಳ ಅಂಟು ಬಿಟ್ಟಿದ್ದರೆ, ವೇಗದಲ್ಲಿ ಬಿಸಿಯಾದಾಗ ಹೊರಮೈಯೇ ಕಿತ್ತು ಹಾರಿಹೋಗಬಹುದು.

2012ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಸರ್ರೆ ಪ್ರಾಂತದ ಹೈಂಡ್‌ಹೆಡ್ ಬಳಿ ನಡೆದ ದುರಂತವನ್ನು ಇಲ್ಲಿ ನೆನೆಯಬೇಕು. ವೈಟ್ ದ್ವೀಪದ ಸಂಗೀತೋತ್ಸವದಿಂದ ಮರಳುತ್ತಿದ್ದ ತರುಣ ತರುಣಿಯರಿದ್ದ ಬಸ್ಸಿನ ಮುಂದಿನ ಟಯರು ಒಡೆಯಿತು. ಬಸ್ಸು ರಸ್ತೆ ಬಿಟ್ಟು ಮರಕ್ಕೆ ಬಡಿಯಿತು. ಮೂವರು ಜೀವ ಕಳೆದುಕೊಂಡರು. ವಿಚಾರಣೆಯಲ್ಲಿ ಹೊರಬಂದ ಸಂಗತಿ ಏನೆಂದರೆ, ಆ ಟಯರಿಗೆ ಹತ್ತೊಂಬತ್ತು ವರ್ಷಕ್ಕೂ ಹೆಚ್ಚು ವಯಸ್ಸಾಗಿತ್ತು. ಅದು ಬಸ್ಸಿಗಿಂತಲೂ ಹಿರಿದಾಗಿತ್ತು. ಅಂದಿನ ಕಾನೂನು ಕೆತ್ತನೆಯ ಆಳವನ್ನು ಕೇಳುತ್ತಿತ್ತೇ ಹೊರತು ಟಯರಿನ ವಯಸ್ಸನ್ನು ಕೇಳುತ್ತಿರಲಿಲ್ಲ. ಮಗನನ್ನು ಕಳೆದುಕೊಂಡ ತಾಯಿಯೊಬ್ಬರು ವರ್ಷಗಳ ಕಾಲ ಹೋರಾಡಿದರು. ಕಡೆಗೆ 2021ರ ಫೆಬ್ರವರಿ 1ರಿಂದ, ಹತ್ತು ವರ್ಷ ಮೀರಿದ ಟಯರನ್ನು ಲಾರಿ ಬಸ್ಸುಗಳ ಮುಂದಿನ ಅಚ್ಚಿಗೆ ಹಾಕುವುದನ್ನು ಬ್ರಿಟನ್ ನಿಷೇಧಿಸಿತು.

ಈ ನಿಯಮ ಸ್ವಂತ ಕಾರುಗಳಿಗೆ ಅನ್ವಯಿಸುವುದಿಲ್ಲ. ಅಷ್ಟೇ ಅಲ್ಲ, 2018ರ ಮೇ ತಿಂಗಳಿಂದ ಆ ದೇಶದಲ್ಲಿ ನಲವತ್ತು ವರ್ಷ ಮೀರಿದ, ಹೆಚ್ಚು ಬದಲಾವಣೆ ಕಾಣದ ಕಾರುಗಳಿಗೆ ವಾರ್ಷಿಕ ತಪಾಸಣೆಯ ಕಡ್ಡಾಯವೂ ಇಲ್ಲ. 1980ಕ್ಕೆ ಮುಗಿದ ಎಂ.ಜಿ.ಬಿ. ವಂಶವೆಲ್ಲ ಈ ವಯಸ್ಸನ್ನು ದಾಟಿದೆ. ಅಂದಮೇಲೆ ಮುದಿ ಟಯರನ್ನು ಪತ್ತೆಹಚ್ಚುವ ಹೊಣೆ ಯಾರದು? ಒಡೆಯನದೇ.

ಪತ್ತೆಹಚ್ಚುವುದು ಕಷ್ಟವಲ್ಲ. 2000ದಿಂದೀಚೆಗೆ ತಯಾರಾದ ಟಯರಿನ ಪಕ್ಕದಲ್ಲಿ 'ಡಿ.ಒ.ಟಿ.' ಎಂಬ ಅಕ್ಷರಗಳಿಂದ ಮೊದಲಾಗುವ ಸಾಲಿನ ಕೊನೆಗೆ ನಾಲ್ಕು ಅಂಕೆಗಳಿರುತ್ತವೆ. ಮೊದಲೆರಡು ವಾರ, ಉಳಿದೆರಡು ವರ್ಷ. 2319 ಎಂದಿದ್ದರೆ 2019ರ ಇಪ್ಪತ್ತಮೂರನೆಯ ವಾರದಲ್ಲಿ ಹುಟ್ಟಿದ ಟಯರು. ಮೂರೇ ಅಂಕೆಗಳಿದ್ದರೆ ಅದು 2000ಕ್ಕಿಂತ ಮುಂಚಿನದು. ಹೆಚ್ಚಿನ ವಿಚಾರಣೆ ಅನಗತ್ಯ, ತೆಗೆದು ಎಸೆಯತಕ್ಕದ್ದು. ಐದು ವರ್ಷ ಕಳೆದ ಮೇಲೆ ವರ್ಷಕ್ಕೊಮ್ಮೆ ಬಲ್ಲವರಿಂದ ಪರೀಕ್ಷೆ, ಹತ್ತು ತುಂಬಿದರೆ ಬದಲಾವಣೆ—ಇದು ಮಿಶೆಲಿನ್‌ನಂತಹ ತಯಾರಕರು ಕೊಡುವ ಸಲಹೆ. ಬಿಡಿ ಗಾಲಿಯ ಟಯರಿಗೂ ಇದೇ ಲೆಕ್ಕ. ಒಮ್ಮೆಯೂ ನೆಲ ಮುಟ್ಟದೆ ಡಿಕ್ಕಿಯಲ್ಲೇ ಮುಪ್ಪಾದುದು ಆಪತ್ಕಾಲಕ್ಕೆ ಒದಗುವುದೆಂದು ನಂಬುವಂತಿಲ್ಲ.

ತೊಡಿಸುವ ಬಗೆ

ಟಯರನ್ನು ಆರಿಸಿದರೆ ಅರ್ಧ ಕೆಲಸವಾಯಿತು, ಉಳಿದರ್ಧ ತೊಡಿಸುವುದರಲ್ಲಿದೆ. ಎಂ.ಜಿ.ಬಿ.ಗೆ ಉಕ್ಕಿನ ತಟ್ಟೆ ಗಾಲಿಯೂ ಉಂಟು, ಅರುವತ್ತು ಕಡ್ಡಿಗಳ ತಂತಿ ಗಾಲಿಯೂ ಉಂಟು. ತಂತಿ ಗಾಲಿಗೆ ವಿಶೇಷ ಆರೈಕೆ ಬೇಕು. ಪ್ರತಿಯೊಂದು ಕಡ್ಡಿಯೂ ರಿಮ್ಮನ್ನು ತೂರಿ ಬಂದಿರುವುದರಿಂದ ಆ ರಂಧ್ರಗಳಲ್ಲಿ ಗಾಳಿ ನಿಲ್ಲದು. ಆದುದರಿಂದ ಒಳಗೆ ಟ್ಯೂಬು ಇರಲೇಬೇಕು.

ಮೊದಲು ಕಡ್ಡಿಗಳನ್ನು ಒಂದೊಂದಾಗಿ ಮೆಲ್ಲನೆ ತಟ್ಟಿ ನೋಡಬೇಕು. ಬಿಗಿಯಾದ ಕಡ್ಡಿ ತಂಬೂರಿಯ ತಂತಿಯಂತೆ ನುಡಿಯುತ್ತದೆ. ಸಡಿಲಾದುದು ಮಂಕಾಗಿ ಸದ್ದು ಮಾಡುತ್ತದೆ. ಒಳಮೈಯಲ್ಲಿ ಕಡ್ಡಿಯ ತುದಿ ಚೂಪಾಗಿ ಹೊರಚಾಚಿದ್ದರೆ ಅರದಿಂದ ಉಜ್ಜಿ ಸಮಮಾಡಬೇಕು. ತುಕ್ಕನ್ನು ಕೆರೆದು, ಅದರ ಮೇಲೆ ಹೊಸ ರಬ್ಬರು ಪಟ್ಟಿ ಸುತ್ತಬೇಕು. ಹೊಸ ಟಯರಿನೊಳಗೆ ಅಂಟಿಸಿರುವ ಕಾಗದದ ಚೀಟಿಯನ್ನು ಮರೆಯದೆ ಕಿತ್ತುಹಾಕಬೇಕು. ಅಲ್ಪ ವಸ್ತುವೆಂದು ಬಿಟ್ಟರೆ ಆ ಚೀಟಿಯ ಅಂಚೇ ಸಾವಿರಾರು ಸುತ್ತುಗಳಲ್ಲಿ ಟ್ಯೂಬನ್ನು ಸವೆಸಿ ತೂತು ಮಾಡುತ್ತದೆ.

ಟ್ಯೂಬು ಸರಿಯಾದ ಅಳತೆಯದೂ ರೇಡಿಯಲ್ಲಿಗೆ ತಕ್ಕುದೂ ಆಗಿರಬೇಕು. ಹಳೆಯ ಟ್ಯೂಬಿಗೆ ತೇಪೆ ಹಾಕಿ ಹೊಸ ಟಯರಿನೊಳಗೆ ಇಡುವುದು ಹುಸಿ ಉಳಿತಾಯ. ಅದಕ್ಕೆ ಟಾಲ್ಕ್ ಪುಡಿ ಸವರಿ, ಮಡಿಕೆ ಬೀಳದಂತೆ ತುಸುವೇ ಗಾಳಿ ತುಂಬಿ ಒಳಗಿಡಬೇಕು. ಅಂಚನ್ನು ರಿಮ್ಮಿಗೆ ಕೂರಿಸಿದ ಮೇಲೆ ಪೂರ್ತಿ ಗಾಳಿ ತುಂಬಿ, ಮತ್ತೆ ಪೂರ್ತಿ ಬಿಟ್ಟು, ಮತ್ತೊಮ್ಮೆ ತುಂಬಬೇಕು. ಮೊದಲ ಸಲ ಸಿಕ್ಕಿಕೊಂಡ ಮಡಿಕೆ ಎರಡನೆಯ ಸಲ ಬಿಡಿಸಿಕೊಳ್ಳುತ್ತದೆ. ಅನಂತರ ತೂಕದ ಸಮತೋಲ. ತಂತಿ ಗಾಲಿ ಕೂರುವುದು ಇಳಿಜಾರಾದ ಎರಡು ಮುಖಗಳ ಮೇಲೆ. ಸಮತೋಲ ನೋಡುವ ಯಂತ್ರದಲ್ಲೂ ಅದಕ್ಕೆ ತಕ್ಕ ಶಂಕುಗಳನ್ನೇ ಬಳಸಬೇಕು. ಇಲ್ಲದಿದ್ದರೆ ಯಂತ್ರದಲ್ಲಿ ಸರಿಯಾದುದು ರಸ್ತೆಯಲ್ಲಿ ನಡುಗುತ್ತದೆ.

ಈ ಗಾಲಿಗಳಿಗೆ ನಡುವೆ ಒಂದೇ ದೊಡ್ಡ ತಿರುಗುಬಿಲ್ಲೆ. ಎಡಗಡೆಯ ತಿರುಪು ಒಂದು ಬಗೆ, ಬಲಗಡೆಯದು ಅದಕ್ಕೆ ವಿರುದ್ಧ. ನೆನಪಿಗೆ ಸುಲಭವಾದ ಸೂತ್ರ ಇದು: ಕಾರು ಮುಂದೆ ಓಡುವಾಗ ಗಾಲಿ ಯಾವ ಕಡೆಗೆ ತಿರುಗುವುದೋ ಆ ಕಡೆಗೆ ಬಿಲ್ಲೆಯನ್ನು ತಿರುಗಿಸಿದರೆ ಕಳಚುತ್ತದೆ, ಹಿಮ್ಮುಖವಾಗಿ ತಿರುಗಿಸಿದರೆ ಬಿಗಿಯುತ್ತದೆ. ರಿಪೇರಿಯ ವೇಳೆ ಎಡದ ಗುಂಬವನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಜೋಡಿಸಿದರೆ ಓಟದಲ್ಲಿ ಬಿಲ್ಲೆ ತಾನಾಗಿ ಬಿಚ್ಚಿಕೊಂಡು ಗಾಲಿಯೇ ಕಳಚಿ ಹೋದೀತು. ಬಿಲ್ಲೆಗೆ ತಾಮ್ರದ ಇಲ್ಲವೆ ಚರ್ಮದ ಸುತ್ತಿಗೆಯನ್ನೇ ಬಳಸಬೇಕು. ಸ್ವಲ್ಪ ದೂರ ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿದು ನೋಡಬೇಕು.

ಗಾಳಿಯ ಒತ್ತಡವನ್ನು ಕಾರಿನ ಕೈಪಿಡಿ ಹೇಳಿದಂತೆ, ಟಯರು ತಣ್ಣಗಿರುವಾಗ ತುಂಬಬೇಕು. ಈ ಹಗುರ ಕಾರುಗಳಿಗೆ ಅದು ಚದರಂಗುಲಕ್ಕೆ ಇಪ್ಪತ್ತು ಪೌಂಡಿನ ಆಸುಪಾಸು. ಇಂದಿನ ಕಾರುಗಳಿಗಿಂತ ಬಹಳ ಕಡಿಮೆ. ರೇಡಿಯಲ್ಲಿನ ಪಕ್ಕ ಸಹಜವಾಗಿಯೇ ಉಬ್ಬಿ ಕಾಣುತ್ತದೆ. ಅದನ್ನು ಕಂಡು ಗಾಳಿ ಸಾಲದೆಂದು ಬಗೆದು ಮೂವತ್ತೈದಕ್ಕೆ ಏರಿಸಿದರೆ ಅಂಗೈ ಕಿರಿದಾಗಿ ಹಿಡಿತ ತಗ್ಗುತ್ತದೆ. ಹೊಸ ಟಯರಿನ ಮೈ ಮೊದಲಿಗೆ ನುಣುಪಾಗಿರುವುದರಿಂದ ಮೊದಲ ನೂರು ಮೈಲಿ ಮೆಲ್ಲನೆ ಓಡಿಸುವುದು ಲೇಸು.

ಕೊನೆಯದಾಗಿ, ಕಾರನ್ನು ಬಹುಕಾಲ ನಿಲ್ಲಿಸುವುದಾದರೆ ಒಂದೆರಡು ಎಚ್ಚರಿಕೆ. ಬಿಸಿಲು ತಾಗದ ತಂಪು ಜಾಗವಿರಲಿ. ಓಡುವ ವಿದ್ಯುತ್ ಮೋಟಾರಿನ ಪಕ್ಕ ಬೇಡ. ಅದರ ಕಿಡಿಗಳಿಂದ ಓಝೋನ್ ಹುಟ್ಟುತ್ತದೆ. ಒಂದೇ ಮಗ್ಗುಲಿಗೆ ಭಾರ ಬಿದ್ದು ಚಪ್ಪಟೆಯಾಗದಂತೆ ಕಾರನ್ನು ಊರೆಗಳ ಮೇಲೆ ನಿಲ್ಲಿಸಿ, ಇಲ್ಲವೆ ಆಗಾಗ ಅಷ್ಟಿಷ್ಟು ಉರುಳಿಸಿ. ಎಲ್ಲಕ್ಕಿಂತ ಉತ್ತಮವಾದ ಉಪಾಯ, ಅದನ್ನು ಓಡಿಸುವುದೇ.

ಹಳೆಯ ಕಾರನ್ನು ಉಳಿಸಿಕೊಳ್ಳುವುದೆಂದರೆ ಅದರ ಪ್ರತಿಯೊಂದು ಅಣುವನ್ನೂ ಉಳಿಸುವುದಲ್ಲ. ದೇವಸ್ಥಾನದ ತೇರು ನೂರು ವರ್ಷದ್ದಾದರೂ ಅದನ್ನೆಳೆಯುವ ಹಗ್ಗವನ್ನು ನೋಡಿ ನೋಡಿ ಬದಲಿಸುತ್ತಾರೆ. ಅದರಿಂದ ತೇರಿನ ಹಿರಿಮೆ ಕುಗ್ಗುವುದಿಲ್ಲ, ಎಳೆಯುವವರ ಪ್ರಾಣ ಉಳಿಯುತ್ತದೆ. ಮನೆಯ ಮುಂದೆ ನಿಂತಿರುವ ವಾಹನ ಹಳೆಯದಿರಲಿ, ಹೊಸದಿರಲಿ, ನಾಳೆ ಬೆಳಗ್ಗೆ ಬಗ್ಗಿ ಅದರ ಟಯರಿನ ಪಕ್ಕದ ಆ ನಾಲ್ಕು ಅಂಕೆಗಳನ್ನು ಓದಿರಿ. ಎರಡು ನಿಮಿಷದ ಕೆಲಸ. ಮಕ್ಕಳನ್ನು ಹಿಂದಿನ ಆಸನದಲ್ಲಿ ಕೂರಿಸುವ ಮುಂಚೆ ಅಷ್ಟನ್ನು ತಿಳಿದಿರುವುದು ಒಳ್ಳೆಯದು.